ಟೋಪಿಯ ಮೇಲಿನ ಅಪವಾದ

ತಲೆಗೆ ಏನಾದರೂ ಹೊದೆಯದೆ ಮಳೆಗಾಲ ಕಳೆಯುವುದು ನಮ್ಮ ಮಾಕುಟ್ಟದ ಕಡೆ ಸಾಧ್ಯವೇ ಇಲ್ಲ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ, ಕಾಡಿನ ನಡುವಿನ ಘಾಟಿ ಇಳಿದರೆ ಸಿಗುವ ಊರು ಇದು. ಮುಂದೆ ಕೂಟುಪುಳ ಸೇತುವೆ, ಅದರಾಚೆ ಕೇರಳ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಒಂದು ಕೈಯಲ್ಲಿ ಕೊಡೆ ಹಿಡಿದು ಇನ್ನೊಂದು ಕೈಯಲ್ಲಿ ಕೆಲಸ ಮಾಡಲಾಗುವುದಿಲ್ಲ. ಅದಕ್ಕೇ ಹಿಂದಿನವರು ಎರಡೂ ಕೈ ಬಿಡುವಾಗಿರುವಂಥ ಉಪಾಯಗಳನ್ನು ಕಂಡುಕೊಂಡರು. ನಾಟಿ ಮಾಡುವ ಹೆಂಗಸರಿಗೆ ತಲೆಯಿಂದ ಬೆನ್ನಿನವರೆಗೆ ಮುಚ್ಚುವ ಗೊರಬೆ, ದನ ಕಾಯುವವರಿಗೆ ಕಂಬಳಿಯ ಕೊಪ್ಪೆ, ಗಡಿಯಾಚೆಯ ಮಲಯಾಳಿ ರೈತರಿಗೆ ಓಲೆಗರಿಯ ತೊಪ್ಪಿಕುಡ.

ಈ ಸಾಲಿಗೆ ಈಗ ಸೇರಿರುವುದು ಹೆಲ್ಮೆಟ್ಟು. ಅದರ ಜೊತೆಗೇ ಒಂದು ಅಪವಾದವೂ ಸೇರಿಕೊಂಡಿದೆ. "ಟೀಚರ್, ಹೆಲ್ಮೆಟ್ ಹಾಕಿದ್ರೆ ಕೂದಲು ಉದುರತ್ತಂತೆ, ಹೌದಾ?" ಎಂದು ಹತ್ತನೇ ತರಗತಿಯ ಹುಡುಗಿಯರು ಕೇಳುತ್ತಾರೆ. ಅವರ ತಾಯಂದಿರೂ ಕೇಳುತ್ತಾರೆ. ಉದ್ದ ಜಡೆಯೇ ಹೆಣ್ಣಿನ ಚೆಲುವು ಎಂದು ಬೆಳೆಸಿದ ಸಮಾಜದಲ್ಲಿ ಬಾಚಣಿಗೆಗೆ ಸಿಕ್ಕ ಕೂದಲಿನ ಉಂಡೆ ಎಷ್ಟು ಕಳವಳ ತರುತ್ತದೆ ಎಂಬುದು ನಮಗೆಲ್ಲ ಗೊತ್ತಿದೆ. ಆದ್ದರಿಂದ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಇತಿಹಾಸವನ್ನೇ ಸಾಕ್ಷಿಗೆ ಕರೆದು ನೋಡೋಣ.

ಕೊಡಗಿನವರಿಗೆ ತಲೆಯುಡುಗೆ ಹೊಸದಲ್ಲ. ಕುಪ್ಯ ತೊಟ್ಟು ಪೀಚೆಕತ್ತಿ ಸಿಕ್ಕಿಸಿದ ಕೊಡವ ಗಂಡಸಿಗೆ ಮಂಡೆತುಣಿ ಇಲ್ಲದೆ ಉಡುಪು ಪೂರ್ಣವಾಗದು. ಮದುಮಗನ ತಲೆಯ ಮೇಲೆ ಚಪ್ಪಟೆ ನೆತ್ತಿಯ ಪೇಟ ಇರುತ್ತದೆ. ಹೆಂಗಸರು ತಲೆಗೆ ವಸ್ತ್ರ ಕಟ್ಟುತ್ತಾರೆ. ಹಣೆಯ ಮೇಲಿಂದ ಹಾಯ್ದು ಹಿಂದೆ ಗಂಟಾಗಿ ಬೆನ್ನ ಮೇಲೆ ಇಳಿಯುವ ಬಟ್ಟೆ ಅದು. ಹಿಂದಿನ ತಲೆಮಾರಿನ ಅನೇಕ ಮುತ್ತೈದೆಯರಿಗೆ ಅದು ಹಬ್ಬದ ಉಡುಗೆ ಮಾತ್ರವಲ್ಲ, ದಿನನಿತ್ಯದ್ದೂ ಹೌದು. ತಲೆ ಮುಚ್ಚಿದ್ದರಿಂದಲೇ ಕೂದಲು ಹೋಗುವುದಾದರೆ ಮೊದಲು ಬೋಳಾಗಬೇಕಾದವರು ಈ ಅಜ್ಜಿಯಂದಿರು. ಆದರೆ ಮನೆಮನೆಯ ಹಳೆಯ ಫೋಟೋಗಳನ್ನು ನೋಡಿ, ನೆತ್ತಿ ಮಿನುಗುವುದು ಅಜ್ಜಂದಿರದ್ದೇ.

1834ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. 1854ರ ಹೊತ್ತಿಗೆ ಮಡಿಕೇರಿಯ ಬಳಿ ಅವರ ಕಾಫಿ ತೋಟ ತಲೆಯೆತ್ತಿತು. ದೊರೆಗಳ ಜೊತೆ ಸೋಲಾ ಟೋಪಿಯೂ ಬಂತು. ನೋಡಲು ಕಬ್ಬಿಣದ ಬಾಣಲೆಯಂತಿದ್ದರೂ ಅದು ಹಗುರ. ಮದುವೆಯ ಬಾಸಿಂಗಕ್ಕೆ ಬಳಸುತ್ತೇವಲ್ಲ, ಆ ಬೆಂಡಿನಿಂದಲೇ ಅದನ್ನು ಮಾಡುತ್ತಿದ್ದರು. ಹಿಂದುಸ್ತಾನದ ಬಿಸಿಲು ನೆತ್ತಿಗೆ ಬಿದ್ದರೆ ಮಿದುಳೇ ಕೆಡುತ್ತದೆ ಎಂಬ ಭಯ ಅವರಿಗಿತ್ತು. ಇದೇ ಕಾಲದಲ್ಲಿ ಅವರ ದೇಶದಲ್ಲಿ ಇನ್ನೊಂದು ಮಾತು ಹಬ್ಬಿತ್ತು. ಬಿಗಿ ಟೋಪಿ ತಲೆಯ ರಕ್ತನಾಳಗಳನ್ನು ಒತ್ತುತ್ತದೆ, ಗಾಳಿ ಆಡಗೊಡುವುದಿಲ್ಲ, ಆದ್ದರಿಂದ ಗಂಡಸರು ಬೋಳಾಗುತ್ತಾರೆ ಎಂದು ವೈದ್ಯರೇ ಕೆಲವರು ಬರೆದರು. ಟೋಪಿ ಹಾಕದಿದ್ದರೆ ಮಿದುಳು ಹೋಯಿತು, ಹಾಕಿದರೆ ಕೂದಲು ಹೋಯಿತು! ಬಿಸಿಲಿನ ಆ ಭಯ ಎರಡನೆಯ ಮಹಾಯುದ್ಧದ ಹೊತ್ತಿಗೆ ಕರಗಿತು. ಕೂದಲಿನ ಮಾತು ಮಾತ್ರ ಉಳಿದು, ಟೋಪಿಯಿಂದ ಹೆಲ್ಮೆಟ್ಟಿಗೆ ದಾಟಿತು.

ಅದು ಯಾಕೆ ನಿಜವಲ್ಲ? ನಾವು ಕಾಣುವ ಕೂದಲು ಜೀವವಿಲ್ಲದ್ದು. ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ. ಆ ಬುಡಕ್ಕೆ ಪ್ರಾಣವಾಯು ಸಿಗುವುದು ರಕ್ತದಿಂದ, ಹೊರಗಿನ ಗಾಳಿಯಿಂದಲ್ಲ. ಗಂಡಸರ ಬೋಳಿಗೆ ಕಾರಣ ಬೇರೆಯೇ ಇದೆ. ಬೀಜ ತೆಗೆದ ಗಂಡಸರು ಬೋಳಾಗುವುದಿಲ್ಲ ಎಂಬುದನ್ನು ಪ್ರಾಚೀನ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥಗಳೇ ಹೇಳಿದ್ದವು. 1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಇದನ್ನು ಪರೀಕ್ಷಿಸಿ, ಗಂಡು ಹಾರ್ಮೋನು ಮತ್ತು ವಂಶವಾಹಿ ಎರಡೂ ಸೇರಿದಾಗ ಬೋಳು ಬರುತ್ತದೆ ಎಂದು ತೋರಿಸಿದ. ಇದರಲ್ಲಿ ಟೋಪಿಯ ಪಾಲು ಏನೂ ಇಲ್ಲ.

ಆದರೂ ಅಪವಾದಕ್ಕೆ ಒಂದು ಎಳೆ ಸತ್ಯದ ಆಧಾರವಿದೆ. ಅದನ್ನೂ ಹೇಳಿಬಿಡಬೇಕು. ಕೂದಲನ್ನು ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನಲ್ಲಿ, ಕಿವಿಯ ಮೇಲೆ ಅದು ತೆಳುವಾಗುತ್ತದೆ. 1907ರಲ್ಲಿ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಇದನ್ನು ಗುರುತಿಸಿದ್ದರು. ಅವರು ಕೂದಲನ್ನು ಮೇಲಕ್ಕೆ ಬಿಗಿದು ಕಟ್ಟುತ್ತಿದ್ದರು. 1975ರಲ್ಲಿ ಸಿಖ್ ಹುಡುಗರಲ್ಲಿಯೂ ಇದೇ ಕಂಡಿತು. ತಪ್ಪು ಪಗಡಿಯದಲ್ಲ, ಅದರೊಳಗೆ ಬಿಗಿದ ಜುಟ್ಟಿನದು. ಶಾಲೆಗೆ ಹೋಗುವ ಮಗಳಿಗೆ ಕಣ್ಣು ಮೇಲೇರುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆಯುವ ತಾಯಂದಿರು ಇದನ್ನು ಗಮನಿಸಬೇಕು. ಬೇಗನೆ ಸಡಿಲಿಸಿದರೆ ಕೂದಲು ಮರಳುತ್ತದೆ. ಬಹಳ ವರ್ಷ ಬಿಟ್ಟರೆ ಬುಡವೇ ಕಲೆಗಟ್ಟಿ ಮತ್ತೆ ಹುಟ್ಟುವುದಿಲ್ಲ. ಇನ್ನೊಂದು, ಹುಳುಕಡ್ಡಿ ಹಿಡಿದ ತಲೆಯ ಟೋಪಿ, ಬಾಚಣಿಗೆಗಳನ್ನು ಹಂಚಿಕೊಂಡರೆ ಆ ಸೋಂಕು ಹರಡಿ ಕೂದಲು ಉದುರಬಹುದು. ಅಲ್ಲಿಯೂ ಕೊಳೆ ಮತ್ತು ಹಂಚಿಕೆಯದೇ ತಪ್ಪು.

ಹಾಗಾದರೆ ಹೆಲ್ಮೆಟ್ ತೆಗೆದಾಗ ಒಳಗೆ ಕಾಣುವ ಕೂದಲು? ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ದಿನಕ್ಕೆ 50ರಿಂದ 100 ಉದುರುವುದು ಸಹಜ. ದಾರಿಯಲ್ಲಿ, ಹಿತ್ತಿಲಲ್ಲಿ, ಬಚ್ಚಲಲ್ಲಿ ಉದುರಿದ್ದನ್ನು ಯಾರೂ ಎಣಿಸುವುದಿಲ್ಲ. ಹೆಲ್ಮೆಟ್ಟಿನಲ್ಲಿ ಅಂಟಿದ್ದು ಕಣ್ಣಿಗೆ ಬೀಳುತ್ತದೆ, ಅಷ್ಟೆ. ಹೆಂಗಸರ ಕೂದಲು ಹಠಾತ್ತಾಗಿ ಉದುರತೊಡಗಿದರೆ ಎರಡು ಮೂರು ತಿಂಗಳು ಹಿಂದಕ್ಕೆ ತಿರುಗಿ ನೋಡಬೇಕು. ಹೆರಿಗೆ, ಟೈಫಾಯ್ಡ್, ಡೆಂಗೆ, ಕೋವಿಡ್, ಮನಸ್ಸಿಗಾದ ಆಘಾತ, ಇವುಗಳ ಫಲ ಕೂದಲಿನಲ್ಲಿ ತಡವಾಗಿ ಕಾಣುತ್ತದೆ. ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯ್ಡ್ ತೊಂದರೆಗಳೂ ಕಾರಣವಾಗುತ್ತವೆ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದಿದ್ದನ್ನು ಉಣ್ಣುವ ಗೃಹಿಣಿ ಟೋಪಿಯನ್ನು ದೂರುವ ಮೊದಲು ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಬರೆಯಲು ಕಾರಣವಿದೆ. ನಮ್ಮ ಘಾಟಿ ರಸ್ತೆಯ ತಿರುವುಗಳು ಮಳೆಗಾಲದಲ್ಲಿ ಎಣ್ಣೆ ಸವರಿದಂತಿರುತ್ತವೆ. 2018ರ ಜೂನ್‌ನಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತದ್ದನ್ನು ಇಲ್ಲಿನವರು ಮರೆತಿಲ್ಲ. ಇಂಥ ದಾರಿಯಲ್ಲಿ ಸ್ಕೂಟರಿನ ಹಿಂದೆ ಕುಳಿತ ಹೆಣ್ಣುಮಗಳು, ಕೂದಲು ಹೋಗುತ್ತದೆಂದು ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಸಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅಪಘಾತದಲ್ಲಿ ಸಾವಿನ ಸಂಭವವನ್ನು ಹೆಲ್ಮೆಟ್ ನೂರಕ್ಕೆ ಸುಮಾರು 42ರಷ್ಟು, ತಲೆಪೆಟ್ಟಿನ ಸಂಭವವನ್ನು ಸುಮಾರು 69ರಷ್ಟು ಕಡಿಮೆ ಮಾಡುತ್ತದೆ ಎಂದು ತಿಳಿದುಬಂದಿದೆ.

ಮಾಡಬೇಕಾದದ್ದು ಸುಲಭ. ತಲೆಯ ಅಳತೆಗೆ ಸರಿಯಾದ ಹೆಲ್ಮೆಟ್ ಕೊಳ್ಳಿ. ಒದ್ದೆ ಕೂದಲ ಮೇಲೆ ಹಾಕಬೇಡಿ. ಜಡೆ ಸಡಿಲವಾಗಿರಲಿ, ಒಳಗೊಂದು ತೆಳು ಹತ್ತಿ ಬಟ್ಟೆ ಇರಲಿ. ನಮ್ಮ ಅಜ್ಜಿಯಂದಿರ ವಸ್ತ್ರದ ಹಾಗೆ. ಆ ಬಟ್ಟೆಯನ್ನು ಆಗಾಗ ಒಗೆಯಿರಿ. ಹೆಲ್ಮೆಟ್ಟಿನ ಒಳಪದರವನ್ನು ಬಿಸಿಲು ಬಂದ ದಿನ ಒಣಗಿಸಿ. ಮಗಳು ಗಾಡಿ ಹತ್ತುವಾಗ ಗಲ್ಲದ ಪಟ್ಟಿ ಹಾಕಿದ್ದಾಳೆಯೇ ಎಂದು ಒಮ್ಮೆ ನೋಡಿ ಕಳಿಸಿ.