ಋತುಬಂಧ: ಹಾರ್ಮೋನು ಚಿಕಿತ್ಸೆ ಹಾಗೂ ನೈಸರ್ಗಿಕ ಕ್ರಮಗಳ ಕುರಿತು ಮಾಹಿತಿ

ಸತತವಾಗಿ 12 ತಿಂಗಳ ಕಾಲ ಮುಟ್ಟು ಕಾಣಿಸಿಕೊಳ್ಳದಿದ್ದಲ್ಲಿ ಅದನ್ನು ಋತುಬಂಧವೆಂದು ಪರಿಗಣಿಸಲಾಗುತ್ತದೆ. ಭಾರತದಲ್ಲಿ ಇದು ಸರಾಸರಿ 46–47ನೇ ವಯಸ್ಸಿನಲ್ಲಿ ಉಂಟಾಗುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೊಜೆನ್ ಉತ್ಪತ್ತಿ ಕುಗ್ಗುವುದರಿಂದ ಮೈ ಬಿಸಿಯೇರುವುದು, ರಾತ್ರಿ ಬೆವರುವುದು, ನಿದ್ರಾಹೀನತೆ, ಯೋನಿಯ ಶುಷ್ಕತೆ ಮುಂತಾದ ತೊಂದರೆಗಳು ಕಾಣಿಸಿಕೊಳ್ಳಬಹುದು. ಮೂಳೆಗಳೂ ಕ್ರಮೇಣ ದುರ್ಬಲಗೊಳ್ಳುತ್ತವೆ. ಋತುಬಂಧವು ರೋಗವಲ್ಲ, ಆದರೆ ಅದರ ತೊಂದರೆಗಳನ್ನು ಸಹಿಸಿಕೊಂಡೇ ಇರಬೇಕಾಗಿಲ್ಲ.

1. ಹಾರ್ಮೋನು ಚಿಕಿತ್ಸೆ

ಮೈ ಬಿಸಿಯೇರುವಿಕೆ ಹಾಗೂ ಬೆವರುವಿಕೆಗೆ ಇದು ಅತ್ಯಂತ ಪರಿಣಾಮಕಾರಿ ಚಿಕಿತ್ಸೆಯಾಗಿದೆ. ಗರ್ಭಕೋಶವಿರುವ ಮಹಿಳೆಯರಿಗೆ ಈಸ್ಟ್ರೊಜೆನ್ ಜೊತೆಗೆ ಪ್ರೊಜೆಸ್ಟೋಜನ್ ನೀಡುವುದು ಅವಶ್ಯಕ. ಇಲ್ಲವಾದಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಸಂಭವ ಹೆಚ್ಚುತ್ತದೆ.

2002ರಲ್ಲಿ ಪ್ರಕಟವಾದ ಅಮೆರಿಕದ ಬೃಹತ್ ಅಧ್ಯಯನದಲ್ಲಿ, ಎರಡೂ ಹಾರ್ಮೋನುಗಳನ್ನು ಸೇವಿಸಿದ ಪ್ರತಿ 10,000 ಮಹಿಳೆಯರಲ್ಲಿ ವರ್ಷಕ್ಕೆ 8 ಸ್ತನ ಕ್ಯಾನ್ಸರ್ ಮತ್ತು 8 ಪಾರ್ಶ್ವವಾಯು ಪ್ರಕರಣಗಳು ಹೆಚ್ಚಾಗಿ, 5 ಸೊಂಟದ ಮೂಳೆ ಮುರಿತಗಳು ಕಡಿಮೆಯಾಗಿ ಕಂಡುಬಂದವು. ಆದರೆ ಅವರ ಸರಾಸರಿ ವಯಸ್ಸು 63 ಆಗಿತ್ತು. 60 ವರ್ಷದೊಳಗಿನ ಅಥವಾ ಋತುಬಂಧವಾಗಿ 10 ವರ್ಷ ಮೀರದ, ತೀವ್ರ ತೊಂದರೆಯುಳ್ಳ ಆರೋಗ್ಯವಂತ ಮಹಿಳೆಯರಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚೆಂದು ತಜ್ಞರು ಈಗ ಪರಿಗಣಿಸುತ್ತಾರೆ.

ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಅಥವಾ ತೀವ್ರ ಯಕೃತ್ತಿನ ಕಾಯಿಲೆಗೆ ಒಳಗಾದವರಿಗೆ ಈ ಚಿಕಿತ್ಸೆಯನ್ನು ಸಾಮಾನ್ಯವಾಗಿ ನೀಡಲಾಗುವುದಿಲ್ಲ. ಅಂತಹವರಿಗೆ ಹಾರ್ಮೋನುರಹಿತ ಔಷಧಿಗಳು ಲಭ್ಯವಿವೆ.

2. ನೈಸರ್ಗಿಕ ಕ್ರಮಗಳು

ನಿಯಮಿತ ನಡಿಗೆ, ತೂಕ ನಿಯಂತ್ರಣ, ತಂಬಾಕು ತ್ಯಜಿಸುವುದು ಹಾಗೂ ರಾಗಿ, ಎಳ್ಳು, ಹಾಲು, ಸೊಪ್ಪುಗಳ ಸೇವನೆ ಎಲ್ಲರಿಗೂ ಹಿತಕರ. ಸೋಯಾದಿಂದ ಕೆಲವರಿಗೆ ಅಲ್ಪ ಉಪಶಮನ ದೊರೆಯಬಹುದು. ಗಿಡಮೂಲಿಕೆ ಔಷಧಿಗಳ ಪರಿಣಾಮ ಖಚಿತವಾಗಿಲ್ಲ. ನೈಸರ್ಗಿಕವೆಂಬ ಒಂದೇ ಕಾರಣಕ್ಕೆ ಯಾವುದೂ ನಿರಪಾಯಕಾರಿಯಲ್ಲ: ಬ್ಲ್ಯಾಕ್ ಕೊಹೊಶ್ ಎಂಬ ಮೂಲಿಕೆಯ ಸೇವನೆಯಿಂದ ವಿರಳವಾಗಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ.

3. ವಿಶೇಷ ಸೂಚನೆ

ಋತುಬಂಧದ ನಂತರ ಒಂದೇ ಒಂದು ಬಾರಿ ರಕ್ತಸ್ರಾವವಾದರೂ "ಮುಟ್ಟು ಮತ್ತೆ ಬಂದಿದೆ" ಎಂದು ಭಾವಿಸಿ ಮನೆಮದ್ದು ಮಾಡತಕ್ಕದ್ದಲ್ಲ. ಇದು ಕ್ಯಾನ್ಸರಿನ ಮೊದಲ ಲಕ್ಷಣವಾಗಿರಬಹುದಾದ್ದರಿಂದ ವಿಳಂಬವಿಲ್ಲದೆ ಸ್ತ್ರೀರೋಗ ತಜ್ಞರಿಂದ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. 45 ವರ್ಷಕ್ಕೆ ಮೊದಲೇ ಮುಟ್ಟು ನಿಂತವರು ಮತ್ತು ಅಂಡಾಶಯಗಳನ್ನು ತೆಗೆಸಿಕೊಂಡವರು ಸಹ ತಪ್ಪದೆ ವೈದ್ಯರನ್ನು ಕಾಣುವುದು.

4. ತಪಾಸಣೆಗೆ ಬರುವಾಗ ತರಬೇಕಾದವು

ಅ) ಕೊನೆಯ ಮುಟ್ಟಿನ ದಿನಾಂಕದ ವಿವರ
ಆ) ಹಿಂದಿನ ಚಿಕಿತ್ಸಾ ಚೀಟಿಗಳು ಹಾಗೂ ಶಸ್ತ್ರಚಿಕಿತ್ಸೆಯ ದಾಖಲೆಗಳು
ಇ) ನಾಟಿ ಔಷಧಿಗಳೂ ಸೇರಿದಂತೆ ಸೇವಿಸುತ್ತಿರುವ ಎಲ್ಲ ಔಷಧಿಗಳು
ಈ) ಕುಟುಂಬದಲ್ಲಿ ಸ್ತನ ಕ್ಯಾನ್ಸರ್ ಇದ್ದಲ್ಲಿ ಅದರ ವಿವರ

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದಾಗಿದೆ.