ಕರ್ನಾಟಕದ ವಸತಿ ನೆರವು ಯೋಜನೆಗಳು

ಸ್ವಂತ ಸೂರಿಲ್ಲದ ಹಾಗೂ ಕಡಿಮೆ ಆದಾಯದ ಕುಟುಂಬಗಳು ಮನೆ ಕಟ್ಟಿಕೊಳ್ಳಲು ಇಲ್ಲವೇ ಕೊಳ್ಳಲು ರಾಜ್ಯ ಮತ್ತು ಕೇಂದ್ರ ಸರ್ಕಾರಗಳು ಕರ್ನಾಟಕದಲ್ಲಿ ಒದಗಿಸುವ ನೆರವಿನ ವ್ಯವಸ್ಥೆ. ನಿವೇಶನ ಹಂಚಿಕೆ, ಮನೆ ಕಟ್ಟಲು ಸಹಾಯಧನ, ಗೃಹಸಾಲದ ಬಡ್ಡಿಗೆ ಸಹಾಯಧನ ಇದರ ಮುಖ್ಯ ರೂಪಗಳು.

ಇತಿಹಾಸ

1962ರ ಕಾಯ್ದೆಯಡಿ ರೂಪುಗೊಂಡ ಕರ್ನಾಟಕ ಗೃಹ ಮಂಡಳಿ ಬಡಾವಣೆಗಳನ್ನು ನಿರ್ಮಿಸಿ ನಿವೇಶನ, ಮನೆಗಳನ್ನು ಮಾರುತ್ತ ಬಂದಿದೆ. ಬೆಲೆ ತೆರಲಾಗದವರಿಗೆ ಬೇರೆ ಯೋಜನೆಗಳು ಬೇಕಾದವು. ಕೇಂದ್ರ ಸರ್ಕಾರ 1985-86ರಲ್ಲಿ ಇಂದಿರಾ ಆವಾಸ್ ಯೋಜನೆಯನ್ನೂ ರಾಜ್ಯ ಸರ್ಕಾರ 1991-92ರಲ್ಲಿ ಆಶ್ರಯ ಯೋಜನೆಯನ್ನೂ ಆರಂಭಿಸಿದವು. ಕೊಳೆಗೇರಿಗಳ ಸುಧಾರಣೆಗೆ 1973ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿತ್ತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಸ್ಥಾಪನೆಯಾಗಿ ರಾಜ್ಯದ ವಸತಿ ಯೋಜನೆಗಳ ಮುಖ್ಯ ನಿರ್ವಹಣಾ ಸಂಸ್ಥೆಯಾಯಿತು.

ಪ್ರಮುಖ ಯೋಜನೆಗಳು

ಆಶ್ರಯ ಯೋಜನೆ ಈಗ ಬಸವ ವಸತಿ ಯೋಜನೆಯಾಗಿ ಮುಂದುವರಿದಿದೆ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆಯಿದೆ. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು ಮುಂತಾದ ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆಯಿದೆ. ಇಂದಿರಾ ಆವಾಸ್ ಯೋಜನೆಯ ಜಾಗಕ್ಕೆ 2016ರಲ್ಲಿ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಭಾಗದಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ದೊರೆಯುತ್ತದೆ. ಇದರಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. ಇದರ ಜೊತೆಗೆ ಉದ್ಯೋಗ ಖಾತರಿ ಯೋಜನೆಯಿಂದ ಕೂಲಿಯನ್ನೂ ಶೌಚಾಲಯಕ್ಕೆ 12,000 ರೂಪಾಯಿಯನ್ನೂ ಪಡೆಯಲು ಅವಕಾಶ ಕಲ್ಪಿಸಲಾಯಿತು. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು.

ಆಯ್ಕೆ ಮತ್ತು ಹಣ ಬಿಡುಗಡೆ

ಹಳ್ಳಿಗಳಲ್ಲಿ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ನಡೆಯುತ್ತದೆ. ಪಟ್ಟಣಗಳಲ್ಲಿ ಈ ಕೆಲಸ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯದು. ಸಹಾಯಧನ ಒಂದೇ ಗಂಟಾಗಿ ಬರುವುದಿಲ್ಲ. ತಳಪಾಯ, ಗೋಡೆ, ಚಾವಣಿ ಎಂದು ಕೆಲಸ ಮುಂದುವರಿದಂತೆ, ಸ್ಥಳ ಗುರುತಿಸುವ ಜಿಪಿಎಸ್ ಛಾಯಾಚಿತ್ರದ ಆಧಾರದ ಮೇಲೆ ಕಂತುಗಳು ಫಲಾನುಭವಿಯ ಬ್ಯಾಂಕ್ ಖಾತೆಗೆ ಜಮೆಯಾಗುತ್ತವೆ. ಹೀಗಾಗಿ ತಳಪಾಯ ಹಾಕಲು ಬೇಕಾದ ಹಣವನ್ನು ಕುಟುಂಬ ತಾನೇ ಹೊಂದಿಸಿಕೊಳ್ಳಬೇಕಾಗುವುದುಂಟು.

ಮನೆ ಕೊಳ್ಳುವವರಿಗೆ ನೆರವು

ನಗರವಾಸಿಗಳಿಗಾಗಿ 2015ರ ಜೂನ್ 25ರಂದು ಆರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಎರಡನೆಯ ಹಂತ 2024ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ವಾರ್ಷಿಕ 9 ಲಕ್ಷ ರೂಪಾಯಿವರೆಗೆ ಆದಾಯವಿದ್ದು, ದೇಶದ ಎಲ್ಲಿಯೂ ಪಕ್ಕಾ ಮನೆ ಇಲ್ಲದ ಕುಟುಂಬ ಬಡ್ಡಿ ಸಹಾಯಧನಕ್ಕೆ ಅರ್ಹ. ಮನೆಯ ಬೆಲೆ 35 ಲಕ್ಷ, ಸಾಲ 25 ಲಕ್ಷ ರೂಪಾಯಿ ಮೀರಬಾರದು. ಸಾಲದ ಮೊದಲ 8 ಲಕ್ಷಕ್ಕೆ ಶೇ. 4ರ ಲೆಕ್ಕದಲ್ಲಿ ಗರಿಷ್ಠ 1.80 ಲಕ್ಷ ರೂಪಾಯಿ, ಐದು ವಾರ್ಷಿಕ ಕಂತುಗಳಲ್ಲಿ ಸಿಗುತ್ತದೆ.

2016ರ ರಿಯಲ್ ಎಸ್ಟೇಟ್ ಕಾಯ್ದೆ ಹಣದ ನೆರವು ಕೊಡುವುದಿಲ್ಲ, ಕೊಳ್ಳುವವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆ. ನಿರ್ಮಾಣದಲ್ಲಿರುವ ಯೋಜನೆ 500 ಚದರ ಮೀಟರ್ ಅಥವಾ ಎಂಟು ಮನೆಗಳ ಮಿತಿ ದಾಟಿದರೆ ಅದು ಈ ಕಾಯ್ದೆಯಡಿಯ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಣಿಯಾಗಿರಬೇಕು. ನೋಂದಾಯಿತ ಮಾರಾಟ ಕರಾರು ಇಲ್ಲದೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.

ಜಾಗ ಮತ್ತು ದಾಖಲೆ

ಮನೆ ಕಟ್ಟುವ ಸಹಾಯಧನಕ್ಕೆ ಸ್ವಂತ ಜಾಗವೂ ಅದರ ದಾಖಲೆಯೂ ಬೇಕು. ತಲೆಮಾರುಗಳಿಂದ ಒಂದೇ ಕಡೆ ವಾಸವಿದ್ದರೂ ಹಕ್ಕುಪತ್ರ ಇಲ್ಲದ ಕುಟುಂಬಗಳು ಪಟ್ಟಿಯಿಂದ ಹೊರಗುಳಿಯುತ್ತಿದ್ದವು. ಸರ್ಕಾರಿ ಜಮೀನಿನಲ್ಲಿ ಕಟ್ಟಿಕೊಂಡ ಮನೆಗಳ ಸಕ್ರಮಕ್ಕೆ ಭೂಕಂದಾಯ ಕಾಯ್ದೆಯ 94ಸಿ (ಗ್ರಾಮೀಣ) ಮತ್ತು 94ಸಿಸಿ (ನಗರ) ಕಲಂಗಳು ಅವಕಾಶ ನೀಡಿವೆ. ದಾಖಲೆಯಿಲ್ಲದ ತಾಂಡಾ, ಹಟ್ಟಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಪ್ರಕ್ರಿಯೆಯ ಭಾಗವಾಗಿ 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ವಿತರಿಸಲಾಯಿತು. ಪಂಚಾಯಿತಿ ವ್ಯಾಪ್ತಿಯ ಆಸ್ತಿಗಳಿಗೆ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11 ಎಂಬ ಆಸ್ತಿ ದಾಖಲೆಗಳು ದೊರೆಯುತ್ತವೆ.

ಮಿತಿಗಳು

ಜಾಗದ ಬೆಲೆ ಕಟ್ಟಡದ ವೆಚ್ಚವನ್ನೇ ಮೀರುವ ಬೆಂಗಳೂರಿನಂಥ ನಗರದಲ್ಲಿ ನಿವೇಶನವಿಲ್ಲದವರಿಗೆ ಕಟ್ಟಡದ ಸಹಾಯಧನ ಉಪಯೋಗಕ್ಕೆ ಬಾರದು. ಬಡ್ಡಿ ಸಹಾಯಧನ ಬೇಕೆಂದರೆ ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು. ಸಂಬಳದ ಚೀಟಿಯಿಲ್ಲದ ದಿನಗೂಲಿಯವರು, ಬೀದಿ ವ್ಯಾಪಾರಿಗಳು, ಮನೆಗೆಲಸದವರು ಆದಾಯ ರುಜುವಾತುಪಡಿಸಲು ಕಷ್ಟಪಡುವುದರಿಂದ ಅವರಿಗೆ ಈ ಅನುಕೂಲ ದಕ್ಕುವುದು ವಿರಳ. ನಗರದ ಬಡವರಿಗೆ ಬಹುಮಹಡಿ ಮನೆಗಳ ಯೋಜನೆಗಳೂ ಬಾಡಿಗೆ ವಸತಿಯ ಘಟಕವೂ ರೂಪುಗೊಂಡದ್ದು ಈ ಕೊರತೆಯನ್ನು ತುಂಬುವುದಕ್ಕಾಗಿ.