ರಿಯಲ್ ಮ್ಯಾಡ್ರಿಡ್ ತರಬೇತುದಾರರು

ಸ್ಪೇನ್‌ನ ರಾಜಧಾನಿಯಲ್ಲಿ 1902ರಲ್ಲಿ ಸ್ಥಾಪನೆಯಾದ ರಿಯಲ್ ಮ್ಯಾಡ್ರಿಡ್ ಫುಟ್‌ಬಾಲ್ ಕ್ಲಬ್ಬಿನ ಮುಖ್ಯ ತರಬೇತುದಾರರು. ಕಣಕ್ಕಿಳಿಯುವ ಹನ್ನೊಂದು ಮಂದಿಯ ಆಯ್ಕೆ, ಆಟದ ತಂತ್ರ ಇವರ ಹೊಣೆ. ಮೊದಲಿಗ ಆರ್ಥರ್ ಜಾನ್ಸನ್ (1910–20). ದೀರ್ಘಾವಧಿ ಮಿಗೆಲ್ ಮುನ್ಯೋಸ್ ಅವರದು: 1960ರಿಂದ 1974ರವರೆಗೆ 9 ಲೀಗ್ ಪ್ರಶಸ್ತಿ, 2 ಯುರೋಪಿಯನ್ ಕಪ್. ಈ ಕಪ್ಪನ್ನು ಆಟಗಾರನಾಗಿಯೂ ತರಬೇತುದಾರನಾಗಿಯೂ ಗೆದ್ದ ಮೊದಲಿಗ ಇವರೇ. ಆ ಬಳಿಕ ಅಷ್ಟು ಕಾಲ ಯಾರೂ ನಿಂತಿಲ್ಲ; ಇಲ್ಲಿ ಗೆದ್ದವರ ಕುರ್ಚಿಯೂ ಭದ್ರವಲ್ಲ. 32 ವರ್ಷಗಳ ನಂತರ, 1998ರಲ್ಲಿ, ಕಪ್ ಮರಳಿ ತಂದ ಯುಪ್ ಹೈಂಕೆಸ್ ಅದೇ ಬೇಸಿಗೆಯಲ್ಲಿ ನಿರ್ಗಮಿಸಿದರು. ವಿಸೆಂಟೆ ಡೆಲ್ ಬೊಸ್ಕೆ 2003ರ ಜೂನ್‌ನಲ್ಲಿ ಲೀಗ್ ಗೆದ್ದರು. ಒಪ್ಪಂದ ಮುಂದುವರಿಯದೆಂಬ ಸುದ್ದಿ ಮರುದಿನವೇ ಬಂತು. ಜಿನೆದಿನ್ ಜಿದಾನ್ 2016–18ರಲ್ಲಿ ಸತತ 3 ಚಾಂಪಿಯನ್ಸ್ ಲೀಗ್ ಗೆದ್ದರು. ಎರಡು ಅವಧಿಗಳಲ್ಲಿ (2013–15, 2021–25) 15 ಟ್ರೋಫಿ ಗಳಿಸಿದ ಇಟಲಿಯ ಕಾರ್ಲೊ ಆಂಚೆಲೊಟ್ಟಿ, ಮುನ್ಯೋಸ್ ಅವರ 14ನ್ನು ದಾಟಿದರು.